ಬ್ಲ್ಯಾಕ್‌ಫೀಟ್ ಬಯಲಿನಲ್ಲಿ ಎರಡು ನೀರುನಾಯಿ

ಜೋರಾಪುರ ಪೇಟೆ

ನಾನು ಹಾಕಿದ ಹೊಲಿಗೆ ಬಿಚ್ಚಿತೆಂದು ಇಲ್ಲಿಯವರೆಗೆ ಯಾರೂ ನನ್ನ ಅಂಗಡಿಗೆ ವಾಪಸು ಬಂದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಅಮೆರಿಕದವರೆಗೆ ಹೋಗಿ ನನ್ನ ಹೊಲಿಗೆಯನ್ನು ನಾನೇ ಬಿಚ್ಚಿದ ಸಂಗತಿ ಮುಂದೆ ಬರುತ್ತದೆ.

ಬಬಲೇಶ್ವರದಲ್ಲಿ ಆರನೆಯ ಇಯತ್ತೆಯನ್ನು ಅರ್ಧಕ್ಕೇ ಬಿಟ್ಟು ವಿಜಯಪುರದ ಜೋರಾಪುರ ಪೇಟೆಗೆ ಬಂದವನು ನಾನು. ಲೆಕ್ಕದ ಮಾಸ್ತರರ ಬೆತ್ತಕ್ಕಿಂತ ದಬ್ಬಣವೇ ಮೆತ್ತಗೆ ಅನ್ನಿಸಿತ್ತು. ಆಗಿನಿಂದ ತಾಡಪತ್ರಿ, ಪೆಂಡಾಲಿನ ಬಟ್ಟೆ, ಟಾಂಗಾದ ಮೇಲಿನ ಛತ್ತು, ಹೀಗೆ ದಪ್ಪ ಬಟ್ಟೆಯದು ಏನೇ ಇದ್ದರೂ ಹೊಲಿಯುತ್ತ ಬಂದಿದ್ದೇನೆ. ಮೂವತ್ತು ವರ್ಷದ ಮೇಲಾಯಿತು.

ನನ್ನ ಗೆಳೆಯ ದಸ್ತಗೀರ ಟಿಕೋಟಾದವನು. ಗೋಳಗುಮ್ಮಟದ ಮುಂದೆ ಟಾಂಗಾ ಹೊಡೆಯುತ್ತಾನೆ. ಅವನೂ ಸಾಲಿ ಕಲಿತವನಲ್ಲ, ಆದರೆ ಪ್ರವಾಸಿಗರನ್ನು ಕೂಡಿಸಿಕೊಂಡು ತಿರುಗಿ ತಿರುಗಿ ಇಂಗ್ಲಿಷು ಕಲಿತಿದ್ದಾನೆ. ಅದರಲ್ಲಿ ಮಾತು ಕಡಿಮೆ, ಕೈಸನ್ನೆ ಹೆಚ್ಚು. ಆದರೂ ಯಾವ ದೇಶದವರೂ ಅವನ ಟಾಂಗಾದಿಂದ ವಿಷಯ ತಿಳಿಯದೆ ಇಳಿದದ್ದಿಲ್ಲ.

ಒಂದು ದಿನ ಅವನು ಎತ್ತರದ ಮನುಷ್ಯನೊಬ್ಬನನ್ನು ನನ್ನ ಅಂಗಡಿಗೆ ಕರೆತಂದ. ಅರ್ಧ ಬೆಳ್ಳಗಾದ ಕೂದಲನ್ನು ಎರಡು ಜಡೆ ಹಾಕಿಕೊಂಡಿದ್ದ. ಬೆನ್ನಿಗೆ ಹಾಕುವ ಚೀಲದ ಪಟ್ಟಿ ಕಿತ್ತಿತ್ತು. ಹೆಸರು ರೇಮಂಡ್. ಅಮೆರಿಕದ ಮೊಂಟಾನಾ ಸೀಮೆಯ ಬ್ಲ್ಯಾಕ್‌ಫೀಟ್ ಜನ, ಅಂದರೆ ಆ ನೆಲದ ಮೂಲ ಜನಗಳಲ್ಲಿ ಒಂದು ಕುಲ. ಪಟ್ಟಿ ಹೊಲಿದುಕೊಟ್ಟೆ. ಊರಿಗೆ ಬಂದ ಅತಿಥಿಯ ಹತ್ತಿರ ಏನೂ ತೆಗೆದುಕೊಳ್ಳಲಿಲ್ಲ. ಅವನು ಅಲ್ಲೇ ಕೂತು ಚಹಾ ಕುಡಿಯುತ್ತ ಫೋನಿನಲ್ಲಿ ತಮ್ಮ ಊರಿನ ಚಿತ್ರ ತೋರಿಸಿದ. ಅದರಲ್ಲೊಂದು ಡೇರೆ. ನಮ್ಮ ಪೆಂಡಾಲಿನ ಹಾಗೆ ನಾಲ್ಕು ಮೂಲೆಯದಲ್ಲ, ರಾಶಿ ಹಾಕಿದ ಜೋಳದ ಹಾಗೆ ಮೇಲೆ ಚೂಪು, ಕೆಳಗೆ ಅಗಲ. ಬಟ್ಟೆಯ ಮೇಲೆ ಬಾಗಿಲ ಕಡೆ ಮುಖಮಾಡಿ ಓಡುವ ಎರಡು ನೀರುನಾಯಿಗಳು. ಚಿತ್ರ ನೋಡಿ ಕೈ ತುರಿಸಿತು. ಆ ಫೋಟೊ ನನಗೆ ಕಳಿಸಲು ಹೇಳಿದೆ. ಜುಲೈದಾಗ ನಮ್ಮ ಕುಲದವರ ಹಾಡು-ಕುಣಿತದ ಕೂಟ ಇರ್ತದ, ಬರ್ರಿ ಎಂದು ದಸ್ತಗೀರನ ಬಾಯಲ್ಲಿ ಅವನು ಕರೆದ. ಹಾಗೆ ಕರೆಯುವವರು ಬಹಳ ಜನ. ಇವನು ಮಾತ್ರ ಊರಿಗೆ ಹೋದ ಮೇಲೆ ನಮ್ಮಿಬ್ಬರಿಗೂ ವೀಸಾದ ಕಾಗದಪತ್ರವನ್ನೂ ಕಳಿಸಿದ.

ನಾನು ಬರಿಗೈಯಲ್ಲಿ ಹೋಗುವವನೇ? ಮೂರು ವಾರ ಕೂತು ಒಂದು ಇಡೀ ಡೇರೆಯ ಹೊದಿಕೆ ಹೊಲಿದೆ. ಅದರ ಮೇಲೆ ಎರಡು ನೀರುನಾಯಿಗಳನ್ನು ಎಣ್ಣೆಬಣ್ಣದಲ್ಲಿ ಬರೆದೆ. ರೇಮಂಡನಿಗೆ ಹೇಳಲಿಲ್ಲ. ಬಿಚ್ಚಿದಾಗ ಅವನ ಬಾಯಿ ತೆರೆದಂತೆಯೇ ನಿಲ್ಲಬೇಕು ಎಂಬುದು ನನ್ನ ಆಸೆ.

"ನೀರುನಾಯಿ ಅಲ್ಲಲೇ ಇದು, ಭೂತನಾಳ ಕೆರಿಯ ಎಮ್ಮಿ ಆಗೇತಿ," ಎಂದ ದಸ್ತಗೀರ.

"ನಿನ್ನ ಕುದುರಿಗಿಂತ ಪಾಡ ಐತಿ ಬಿಡು," ಎಂದೆ.

ತಪಾಸಣೆಯ ಮೇಜು

ಅಮೆರಿಕದಲ್ಲಿ ಇಳಿದ ಮೊದಲ ನಿಲ್ದಾಣದಲ್ಲಿಯೇ ನಮ್ಮನ್ನು ಪಕ್ಕಕ್ಕೆ ಕರೆದರು. ಇಷ್ಟು ದೊಡ್ಡ ಗಂಟಿನಲ್ಲಿ ಏನಿದೆ ಎಂಬುದು ಅವರ ಪ್ರಶ್ನೆ. ಒಬ್ಬ ಅಧಿಕಾರಿ ಬಿಚ್ಚತೊಡಗಿದ. ಬಟ್ಟೆ ಮೇಜು ದಾಟಿತು, ನೆಲಕ್ಕೆ ಇಳಿಯಿತು, ಪಕ್ಕದ ಸಾಲಿನವರ ಕಾಲಡಿ ಹೋಯಿತು. ಒಳಗೆ ಏನೂ ಸಿಗಲಿಲ್ಲ. ಈಗ ಅದನ್ನು ಮಡಚಬೇಕಲ್ಲ. ಅವನು ಮಡಚಿದ, ಇನ್ನೊಬ್ಬ ಬಂದು ಮಡಚಿದ, ಗಂಟು ಮೊದಲಿಗಿಂತ ಎರಡು ಪಟ್ಟಾಯಿತು. ನಾನು ಅವರನ್ನು ಸರಿಸಿ, ಮೊಣಕಾಲೂರಿ, ನಾಲ್ಕು ಮಡಿಕೆಯಲ್ಲಿ ಸುತ್ತಿ, ಹಗ್ಗ ಬಿಗಿದು ಎತ್ತಿ ಇಟ್ಟೆ.

"ಮಾಸ್ಟರ್. ತರ್ಟಿ ಇಯರ್ಸ್," ಎಂದು ದಸ್ತಗೀರ ನನ್ನನ್ನು ಗೋಳಗುಮ್ಮಟ ತೋರಿಸುವ ಹಾಗೆ ಎರಡೂ ಕೈ ಚಾಚಿ ತೋರಿಸಿದ.

ಆಮೇಲೆ ಖಡಕ್ ಜೋಳದ ರೊಟ್ಟಿಯ ಕಟ್ಟು ಹೊರಬಂತು. ಅಧಿಕಾರಿ ಒಂದನ್ನು ಎತ್ತಿ ಮೇಜಿಗೆ ಬಡಿದ. ಟಣ್ ಎಂದಿತು. ಇದು ತಿನ್ನುವ ವಸ್ತು ಎಂದು ನಂಬಿಸಲು ದಸ್ತಗೀರ ಅಲ್ಲೇ ಮುರಿದು, ಶೇಂಗಾ ಹಿಂಡಿ ಹಚ್ಚಿ, ಎರಡು ರೊಟ್ಟಿ ತಿಂದ. ಒಂದು ಸಾಕಿತ್ತು. ಹಸಿದಿದ್ದನಂತೆ.

ಬಯಲು

ಬ್ರೌನಿಂಗ್ ಎಂಬುದು ಬ್ಲ್ಯಾಕ್‌ಫೀಟ್ ಜನರ ಊರು. ರೇಮಂಡ್ ತನ್ನ ಪಿಕಪ್ ಗಾಡಿಯಲ್ಲಿ ಕರೆದೊಯ್ದ. ದಾರಿಯುದ್ದಕ್ಕೂ ನಾನು ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಅಮೆರಿಕ ಅಂದರೆ ಮುಗಿಲಿಗೆ ಮುಟ್ಟುವ ಕಟ್ಟಡ ಎಂದುಕೊಂಡಿದ್ದೆ. ಇದು ನೋಡಿದರೆ ನಮ್ಮ ಬಬಲೇಶ್ವರದ ಎರಿ ಹೊಲ. ಗಿಡವಿಲ್ಲ, ಮರೆಯಿಲ್ಲ, ಕಣ್ಣು ಹೋದಷ್ಟು ದೂರ ನೆಲ. ಆದರೆ ನೆಲದ ಕೊನೆಗೆ, ನಮ್ಮಲ್ಲಿ ಬರೀ ಮುಗಿಲು ಇರುವ ಕಡೆ, ಇವರಿಗೆ ಹಿಮದ ಬೆಟ್ಟಗಳ ಸಾಲು.

ಗಾಳಿಯನ್ನು ಮಾತ್ರ ನಮ್ಮ ಆಷಾಢಕ್ಕೂ ಹೋಲಿಸುವಂತಿಲ್ಲ. ಗಾಡಿಯ ಬಾಗಿಲು ತೆರೆಯುವಾಗ ಎರಡೂ ಕೈಯಲ್ಲಿ ಹಿಡಿಯಿರಿ ಎಂದು ರೇಮಂಡ್ ಎಚ್ಚರಿಸಿದ್ದ. ದಸ್ತಗೀರ ಬಾಗಿಲು ಹಿಡಿದ, ಟೊಪ್ಪಿಗೆ ಹಿಡಿಯಲು ಕೈ ಉಳಿಯಲಿಲ್ಲ. ಟೊಪ್ಪಿಗೆ ಹಾರಿತು, ಅವನು ಅದರ ಹಿಂದೆ ಓಡಿದ. ತಂತಿಬೇಲಿಯ ಹತ್ತಿರ ಒಂದು ಚುಕ್ಕಿ ಕುದುರೆ ನಿಂತಿತ್ತು. ಟೊಪ್ಪಿಗೆ ಅದರ ಕಾಲಿಗೆ ಸಿಕ್ಕಿ ನಿಂತಿತು. ಅರ್ಧ ತಾಸಾದರೂ ಅವನು ಮರಳಲಿಲ್ಲ. ಹೋಗಿ ನೋಡಿದರೆ ಕುದುರೆಯ ಹಲ್ಲು ನೋಡಿ ವಯಸ್ಸು ಹೇಳುತ್ತಿದ್ದ. ಕುದುರೆಯ ಯಜಮಾನ ಪಕ್ಕದಲ್ಲಿ ನಿಂತು ತಲೆದೂಗುತ್ತಿದ್ದ.

ಅಲ್ಲಿ ತಿಳಿದ ಮಾತು ಇದು. ಕುದುರೆ ಈ ಬಯಲಿಗೆ ಬರುವ ಮೊದಲು ಇವರ ಸಾಮಾನನ್ನು ನಾಯಿಗಳು ಎಳೆಯುತ್ತಿದ್ದವಂತೆ. ಎರಡು ಗಳ ಕಟ್ಟಿ, ತುದಿ ನೆಲಕ್ಕೆ ಉಜ್ಜುವಂತೆ ಬಿಟ್ಟು, ಅದರ ಮೇಲೆ ಗಂಟುಮೂಟೆ. ಕುದುರೆ ಬಂದಾಗ ಇವರ ಹಿರಿಯರು ಅದನ್ನು ನೋಡಿ, ಕಡವೆಯಷ್ಟು ದೊಡ್ಡದು, ನಾಯಿಯಂತೆ ಎಳೆಯುತ್ತದೆ ಎಂದು ಕಡವೆನಾಯಿ ಎಂದೇ ಹೆಸರಿಟ್ಟರು.

"ಗಾಲಿ ಇಲ್ಲದ ಟಾಂಗಾ," ಎಂದ ದಸ್ತಗೀರ. "ನಾಯಿ ಹೂಡಿದ್ರ ಮೇವಿನ ಖರ್ಚೂ ಉಳೀತಿತ್ತಲ್ಲೋ."

ಈ ಜನ ಬೆರಳು ಮಾಡಿ ತೋರಿಸುವುದು ಕಡಿಮೆ, ತುಟಿ ಚಾಚಿ ದಿಕ್ಕು ತೋರಿಸುತ್ತಾರೆ. ಇದು ನಮಗೆ ಗೊತ್ತಿರಲಿಲ್ಲ. ಅಂಗಡಿಯೊಂದರಲ್ಲಿ ದಸ್ತಗೀರ ಶೌಚಾಲಯ ಎಲ್ಲಿ ಎಂದು ಕೇಳಿದ. ಅಲ್ಲಿದ್ದ ಮುದುಕ ತುಟಿ ಚಾಚಿದ. ಇವನು ಕಾದ. ಮುದುಕ ಮತ್ತೆ ಚಾಚಿದ.

"ಮಲ್ಲಪ್ಪಾ, ಈ ಯಜಮಾನ್ರು ನನಗ ಮುದ್ದು ಕೊಡಾಕತ್ತಾರೋ ಏನು," ಎಂದು ನನ್ನ ಕಿವಿಯಲ್ಲಿ ಕೇಳಿದ. ಮೂರನೆಯ ಸಲಕ್ಕೆ ಮುದುಕನೇ ಎದ್ದು, ಇವನ ಭುಜ ಹಿಡಿದು, ಬಾಗಿಲ ಮುಂದೆ ಒಯ್ದು ನಿಲ್ಲಿಸಿದ. ಸಂಜೆಯಷ್ಟೊತ್ತಿಗೆ ಈ ಸಂಗತಿ ಊರಿಗೆಲ್ಲ ಗೊತ್ತಾಗಿ, ಹೋದ ಹೋದಲ್ಲಿ ಜನ ಬೇಕೆಂದೇ ನಮ್ಮ ಮುಂದೆ ತುಟಿ ಚಾಚುತ್ತಿದ್ದರು. ಕಾಡಿಸುವುದರಲ್ಲಿ ಇವರು ನಮ್ಮ ಪೇಟೆಯವರನ್ನೂ ಮೀರಿಸುತ್ತಾರೆ. ಕಾಡಿಸಿದರೆ ನಿಮ್ಮನ್ನು ಮನೆಯವರಲ್ಲಿ ಎಣಿಸಿದರು ಎಂದೇ ಲೆಕ್ಕ.

ಡೇರೆ ಬಿಚ್ಚಿದ ದಿನ

ಮರುದಿನ ರೇಮಂಡನ ಮನೆಯ ಮುಂದೆ ಅವನ ಬಂಧುಗಳೆಲ್ಲ ಸೇರಿದ್ದರು. ಅವನ ದೊಡ್ಡವ್ವ ಆಗ್ನೆಸ್ ಪಕ್ಕದ ಮನೆಯವಳು. ಎಂಬತ್ತು ದಾಟಿದ ಮುದುಕಿ, ನೆಟ್ಟಗೆ ನಡೆಯುತ್ತಾಳೆ. ನಾವು ಆಕೆಯನ್ನು ನಮ್ಮ ರೂಢಿಯಂತೆ ಆಯಿ ಎಂದೆವು. ಆಕೆಗೂ ಅದು ಸೇರಿತು.

ನಾನು ಗಂಟು ತಂದೆ. ಹಗ್ಗ ಬಿಚ್ಚಿ, ಒಂದೇ ಸಲ ಝಾಡಿಸಿ ಹುಲ್ಲಿನ ಮೇಲೆ ಹಾಸಿದೆ. ನೀರುನಾಯಿಗಳು ಬಿಸಿಲಿಗೆ ಮಿಂಚಿದವು.

ಸುತ್ತ ನಿಂತಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು.

ನಾನು ಅದನ್ನು ಬೆರಗು ಎಂದುಕೊಂಡು ಇನ್ನೊಂದು ಮಡಿಕೆ ಬಿಚ್ಚಿದೆ. ಒಬ್ಬ ಹೆಂಗಸು ತನ್ನ ಮಕ್ಕಳನ್ನು ಬಟ್ಟೆಯಿಂದ ದೂರ ಕರೆದುಕೊಂಡಳು. ಆಯಿ ಬಹಳ ಹೊತ್ತು ನೋಡಿದಳು. ರೇಮಂಡನಿಗೆ ತಮ್ಮ ಭಾಷೆಯಲ್ಲಿ ಎರಡೇ ಮಾತು ಹೇಳಿ ಮನೆಯೊಳಗೆ ಹೋದಳು. ರೇಮಂಡನ ಮುಖ ಕೆಂಪಾಯಿತು.

ಆಮೇಲೆ ಅವನು ನಿಧಾನವಾಗಿ ಹೇಳಿದ್ದನ್ನು ದಸ್ತಗೀರ ನನಗೆ ಹೇಳಿದ. ಅವನ ಬಾಯಲ್ಲಿ ಬಂದರೆ ಅಮೆರಿಕದವರೆಲ್ಲರೂ ಟಿಕೋಟಾದವರಂತೆಯೇ ಮಾತಾಡುತ್ತಾರೆ.

"ಆ ಚಿತ್ರ ಆಯೀದು ಅಂತ. ಆಕೀ ಮುತ್ತ್ಯಾನ ಕನಸಿನ್ಯಾಗ ನೀರುನಾಯಿ ಬಂದು, ಹಿಂಗ ಬರಕೋ ಅಂತ ಕೊಟ್ಟದ್ದಂತ. ಅದರ ಕೂಡ ಹಾಡು ಅದಾವ, ಪೂಜಿ ಐತಿ. ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗಬೇಕಂದ್ರ ಅವನ್ನೆಲ್ಲಾ ಮಾಡಿ ಕೊಡಬೇಕು. ರೇಮಂಡ್ ಸಾಹೇಬ್ರಿಗೇ ಅದರ ಹಕ್ಕಿಲ್ಲ. ಯಾರೂ ಸುಮ್ಮ ನೋಡಿ ಬರಿಯೂ ಹಂಗಿಲ್ಲ."

"ಮತ್ತ ಫೋಟೊ ಯಾಕ ಕಳಸಿದ್ರು?"

"ನೀ ನೋಡಾಕ ಕೇಳಿದಿ ಅನಕೊಂಡ್ರಂತ. ಈಗ ಆಯಿ ಅವರನ್ನ ಬೈದಾಳ."

ನನಗೆ ಸಿಟ್ಟು ಬಂತು. ಮೂರು ವಾರದ ದುಡಿಮೆ. ಹೊಲಿಗೆ ಹೇಗಿದೆ ಎಂದು ಒಬ್ಬರಾದರೂ ಮುಟ್ಟಿ ನೋಡಲಿಲ್ಲ. ಮೂರು ದಿನಕ್ಕೆ ಕೂಟ. ಆ ಮೈದಾನದಲ್ಲಿ ನನ್ನ ಡೇರೆ ನಿಲ್ಲಬೇಕೆಂದೇ ಅರ್ಧ ಜಗತ್ತು ದಾಟಿ ಬಂದಿದ್ದೆ. ಕೋಣೆಗೆ ಹೋಗಿ ಚೀಲ ಕಟ್ಟತೊಡಗಿದೆ. ದಸ್ತಗೀರ ಬಾಗಿಲಲ್ಲಿ ಕೂತ.

"ಟಿಕೋಟಾದಾಗ ಮೊಹರಮ್ಮಿಗೆ ದೇವರ ಪಂಜಾ ಹಿಡಿಯೂದು ಯಾರ ಮನೀ ಹಕ್ಕು?" ಎಂದು ಕೇಳಿದ.

"ನಿಮ್ಮ ಸಣ್ಣಪ್ಪನ ಮನೀದು. ಊರಿಗೆಲ್ಲಾ ಗೊತ್ತೈತಿ."

"ಒಬ್ಬ ಪರದೇಶದಾಂವ ಬಂದು, ನಿಮ್ಮ ಪಂಜಾದ ಫೋಟೊ ನೋಡಿದ್ನಿ, ಅದಕ್ಕಿಂತ ಚಂದಂದು ಮಾಡಿಸಿಕೊಂಡು ಬಂದೇನಿ, ಹಿಡಕೊಂಡು ಕುಣೀತೇನಿ ಅಂದ್ರ?"

ಮಡಚುತ್ತಿದ್ದ ಅಂಗಿಯನ್ನು ಪಕ್ಕಕ್ಕಿಟ್ಟೆ.

"ಹೊಡಿಯಾಕ ನೀನ ಮೊದಲ ಬಡಿಗಿ ತರತಿದ್ದಿ," ಎಂದ.

ಅದು ಖರೆ. ಚೀಲ ಬಿಚ್ಚಿದೆ. ತಪ್ಪು ನನ್ನದಾದರೆ ಬೈಸಿಕೊಂಡದ್ದು ರೇಮಂಡ್. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು.

ಆಯಿಯ ಅಂಗಳ

ಬೆಳಿಗ್ಗೆ ಎದ್ದವನೇ ಬಟ್ಟೆ ಹೊತ್ತುಕೊಂಡು ಆಯಿಯ ಮನೆಯ ಮುಂದೆ ಹೋಗಿ ಕೂತೆ. ಕತ್ತರಿ, ಬ್ಲೇಡು, ದಬ್ಬಣ, ಮೇಣ ಹಚ್ಚಿದ ದಾರ ಪಕ್ಕದಲ್ಲಿಟ್ಟುಕೊಂಡೆ. ನೀರುನಾಯಿ ಬರೆದ ಎರಡು ಪಟ್ಟಿಗಳನ್ನು ತೆಗೆದು ಬಿಳಿ ಬಟ್ಟೆ ಕೂಡಿಸಬೇಕು. ನನ್ನ ಕಸುಬಿನವನು ತೇಪೆಗೆ ನಾಲ್ಕು ಗಜ ಹೆಚ್ಚು ಬಟ್ಟೆ ಇಟ್ಟುಕೊಂಡೇ ಹೊರಡುತ್ತಾನೆ.

ಬಿಚ್ಚಲು ಸುರುಮಾಡಿದ ಮೇಲೆ ತಿಳಿಯಿತು, ನಾನು ಎಷ್ಟು ಗಟ್ಟಿಯಾಗಿ ಹೊಲಿದಿದ್ದೆ ಎಂದು. ಎರಡೆರಡು ಸಾಲು, ಮಡಚಿದ ಅಂಚು. ಬ್ಲೇಡು ಜಾರಿ ಬೆರಳಿಗೆ ತಾಗಿತು. ನನಗೆ ನಾನೇ ಬೈದುಕೊಂಡೆ, ಹೊಲಿದವನಿಗೂ ಬೈದೆ.

ಆಯಿ ಬಾಗಿಲು ತೆರೆದು ನೋಡಿದಳು. ಒಳಗೆ ಹೋದಳು. ಮತ್ತೆ ಕುರ್ಚಿ ಹಿಡಿದುಕೊಂಡು ಬಂದು ನನ್ನೆದುರು ಕೂತಳು. ಬಟ್ಟೆಯ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದಳು. ಹಿಡಿದರೆ ಬ್ಲೇಡು ಓಡುತ್ತದೆ. ಹೊಲಿಗೆ ಬಲ್ಲವರಿಗೆ ಮಾತ್ರ ತಿಳಿಯುವ ಮಾತು ಅದು.

ಡೇರೆ ಎಂಬುದು ಇವರಲ್ಲಿ ಹೆಂಗಸರ ಆಸ್ತಿ. ಹಿಂದೆ ಕಾಡೆಮ್ಮೆಯ ಚರ್ಮ ಹದಮಾಡಿ ಹೊಲಿಯುತ್ತಿದ್ದವರೂ ಅವರೇ. ಆಯಿಯ ಅಜ್ಜಿ ಹತ್ತಾರು ಚರ್ಮ ಕೂಡಿಸಿ ಒಂದು ಡೇರೆ ಹೊಲಿದಿದ್ದಳಂತೆ. ಇದನ್ನು ಕೇಳಿ ಸಂಕೋಚವೂ ಆಯಿತು, ಸಂತೋಷವೂ ಆಯಿತು. ನಾನು ಹೊಲಿಗೆ ಕಲಿಸಲು ಬಂದವನ ಹಾಗೆ ಬಂದಿದ್ದೆ. ಕಸುಬಿನವರ ಮನೆಗೇ ಬಂದಿದ್ದೆ.

ಕೈ ಆಡುತ್ತಿದ್ದರೆ ಬಾಯಿ ಸುಮ್ಮನಿರುವುದಿಲ್ಲ. ಆಯಿ ಕಥೆ ಹೇಳತೊಡಗಿದಳು. ಇವು ಚಳಿಗಾಲದಲ್ಲಿ ಹೇಳುವ ಕಥೆಗಳಂತೆ, ನಾವು ಚಳಿಗಾಲದವರೆಗೆ ಇರುವವರಲ್ಲವಾದ್ದರಿಂದ ಒಂದೆರಡಕ್ಕೆ ರಿಯಾಯಿತಿ. ದಸ್ತಗೀರ ನಡುವೆ ಕೂತು ಹೇಳುತ್ತ ಹೋದ.

"ನಾಪಿ ಅಂತ ಒಬ್ಬ ಮುದುಕ. ಈ ಬೆಟ್ಟ, ಹೊಳಿ, ಮಂದಿ ಎಲ್ಲಾ ಮಾಡಿದಾಂವ ಅಂವನ. ಆದ್ರ ಬುದ್ಧಿ ಸ್ವಲ್ಪ ಕಡಿಮಿ. ಒಂದಿನ ಬಿಸಿಲಿಗೆ ಸೆಕಿ ಆತು. ದುಪ್ಪಟಿ ಹೊರಲಾರದ ಒಂದ ಬಂಡಿಗಲ್ಲಿಗೆ ಹೊದಿಸಿ, ತಗೋಪಾ ನಿನಗ ಕೊಟ್ಟೇನಿ ಅಂದ. ಮುಂದ ಹೋದ ಮ್ಯಾಲ ಮಳಿ ಬಂತು."

"ಹೊಳ್ಳಿ ಬಂದಿರಬೇಕು," ಎಂದೆ.

"ಮೊದಲ ನರೀನ ಕಳಿಸಿದ. ಕಲ್ಲು ಕೊಡಲಿಲ್ಲ. ತಾನ ಬಂದು ಕಸಗೊಂಡ ಹೋದ. ಕಲ್ಲು ಉರುಳಕೋತ ಬೆನ್ನ ಹತ್ತಿತು. ಗುಡ್ಡ ಹತ್ತಿದ್ರ ಗುಡ್ಡ, ಹೊಳಿ ದಾಟಿದ್ರ ಹೊಳಿ. ಅಡ್ಡ ಬಂದ ಪ್ರಾಣಿ ಎಲ್ಲಾ ಚಪ್ಪಟಿ. ಕಡೀಗೆ ಸಂಜೀಮುಂದ ಹಾರೂ ಹಕ್ಕಿಗೋಳು ಮ್ಯಾಲಿಂದ ಎರಗಿ ಎರಗಿ ಕಲ್ಲನ್ನ ಎರಡ ಹೋಳು ಮಾಡಿದ್ವು."

ಒಡೆದ ಆ ಬಂಡೆ ಉತ್ತರಕ್ಕೆ, ಕೆನಡಾದ ಬಯಲಿನಲ್ಲಿ ಇಂದಿಗೂ ಇದೆಯಂತೆ. ಕಾಪಾಡಿದ ಹಕ್ಕಿಗಳಿಗೆ ನಾಪಿ ಉಪಕಾರ ಹೇಳಿದನೇ ಎಂದು ಕೇಳಿದೆ. ಇಲ್ಲವಂತೆ. ಆಟ ಕೆಡಿಸಿದಿರಿ ಎಂದು ಅವುಗಳ ಬಾಯಿ ಹಿಡಿದು ಅಗಲ ಜಗ್ಗಿದನಂತೆ, ಅದಕ್ಕೇ ಅವುಗಳ ಬಾಯಿ ಹಾಗಿದೆ. ನಾನು ನಕ್ಕೆ. ದೇವರ ಕೆಲಸ ಮಾಡುವ ಇಂಥ ತಿಕ್ಕಲನನ್ನು ನಮ್ಮಲ್ಲಿ ಯಾರೂ ಇಟ್ಟುಕೊಂಡಿಲ್ಲ. ಇಟ್ಟುಕೊಂಡಿದ್ದರೆ ಚೆನ್ನಾಗಿತ್ತು.

ಡೇರೆಯ ತುದಿಯಲ್ಲಿ ಹೊಗೆ ಹೋಗಲು ಬಟ್ಟೆಯ ಎರಡು ಕಿವಿಗಳಿರುತ್ತವೆ. ಚಿತ್ರ ಬರೆದ ಡೇರೆಗಳಲ್ಲಿ ಒಂದು ಕಿವಿಯ ಮೇಲೆ ಏಳು ಚುಕ್ಕಿ, ನಮ್ಮ ಸಪ್ತರ್ಷಿಗಳು. ಇವರಲ್ಲಿ ಅವರು ಋಷಿಗಳಲ್ಲ, ಏಳು ಜನ ಅಣ್ಣತಮ್ಮಂದಿರು. ಇನ್ನೊಂದು ಕಿವಿಯ ಮೇಲೆ ನಮ್ಮ ಕೃತ್ತಿಕೆ. ಅವು ಬಡವರ ಮಕ್ಕಳಂತೆ. ಊರಿನ ಮಕ್ಕಳೆಲ್ಲ ಕಾಡೆಮ್ಮೆಯ ಕರುವಿನ ಚರ್ಮ ಹೊದ್ದು ಆಡುವಾಗ ಇವಕ್ಕೆ ಮಾತ್ರ ಯಾರೂ ಕೊಡಲಿಲ್ಲ. ನಾಚಿ, ಮುನಿಸಿಕೊಂಡು ಮುಗಿಲಿಗೆ ಹೋಗಿಬಿಟ್ಟವು. ವಸಂತದಲ್ಲಿ ಕೆಂಪು ಕರುಗಳು ಹುಟ್ಟುವ ಕಾಲಕ್ಕೆ ಅವು ಈಗಲೂ ಮುಖ ತೋರಿಸುವುದಿಲ್ಲವಂತೆ. ಸಾಲಿಯಲ್ಲಿ ನನ್ನ ಹರಕು ಅಂಗಿಗೆ ನಕ್ಕವರ ಹೆಸರುಗಳು ನನಗಿನ್ನೂ ನೆನಪಿವೆ.

ಮಧ್ಯಾಹ್ನ ಆಯಿ ಎಣ್ಣೆಯಲ್ಲಿ ಕರಿದ ದಪ್ಪ ರೊಟ್ಟಿಯನ್ನೂ ಕಾಡುಹಣ್ಣಿನ ಸಾರನ್ನೂ ತಂದಳು. ನಾನು ಮಾಂಸ ತಿನ್ನುವುದಿಲ್ಲವೆಂದು ಮೊದಲ ದಿನವೇ ಹೇಳಿದ್ದೆ. ಇಷ್ಟು ಗಾಳಿಯ ಸೀಮೆಯಲ್ಲಿ ಮಾಂಸವಿಲ್ಲದೆ ಹೇಗೆ ನೆಲಕ್ಕೆ ನಿಲ್ಲುತ್ತೀಯ ಎಂದು ಆಕೆ ನನ್ನ ರಟ್ಟೆ ಹಿಚುಕಿ ನೋಡಿದಳು. ನಾನು ಖಡಕ್ ರೊಟ್ಟಿ ಕೊಟ್ಟೆ. ಕೆಟ್ಟುಹೋಗದೆ ತಿಂಗಳುಗಟ್ಟಲೆ ಇರುತ್ತದೆ ಎಂದಾಗ ಮೆಚ್ಚಿದಳು. ಅವರೂ ಒಣಮಾಂಸವನ್ನು ಹಣ್ಣಿನ ಜೊತೆ ಕುಟ್ಟಿ ಹಾಗೆಯೇ ಇಟ್ಟುಕೊಳ್ಳುತ್ತಿದ್ದರು.

ಸಂಜೆಗೆ ಎರಡೂ ಪಟ್ಟಿ ಹೊರಬಂದವು. ಆಯಿ ಅವನ್ನು ಮಡಿಸಿ ಒಳಗಿಟ್ಟಳು. ಎಲ್ಲಿಟ್ಟಳೆಂದು ನಾನು ಕೇಳಲಿಲ್ಲ. ಮರುದಿನವೆಲ್ಲ ಬಿಳಿ ಬಟ್ಟೆ ಕೂಡಿಸುವುದರಲ್ಲಿ ಹೋಯಿತು.

ಕೂಟದ ಮೈದಾನ

ಕೂಟದ ದಿನ ಮೈದಾನದ ತುಂಬ ಡೇರೆಗಳು. ಹೆಚ್ಚಿನವು ಬರೀ ಬಿಳಿ, ನಡುನಡುವೆ ಬಣ್ಣದವು. ಡೋಲಿನ ಸುತ್ತ ಕೂತು ಹಾಡುವವರು, ಗೆಜ್ಜೆ ಕಟ್ಟಿ ಕುಣಿಯುವವರು. ದಸ್ತಗೀರ ಕುದುರೆಗಳ ಕಡೆ ಹೋದವನು ಊಟದ ತನಕ ಪತ್ತೆಯಿಲ್ಲ.

ನನ್ನ ಡೇರೆ ಎಬ್ಬಿಸಲು ಆಯಿಯ ಜೊತೆ ಮೂವರು ಹೆಂಗಸರು ಬಂದರು. ಪೆಂಡಾಲು ಹಾಕಿಸಿ ಹಾಕಿಸಿ ನನಗೆ ಹುಕುಂ ಮಾಡುವ ಚಟ. ಈ ಗಳ ಇಲ್ಲಿ, ಆ ಗಳ ಅಲ್ಲಿ ಎಂದು ಕೈ ಮಾಡಿದೆ. ಅವರು ನನ್ನ ಮಾತನ್ನು ಪೂರ್ತಿ ಕೇಳಿ, ತಲೆಯಾಡಿಸಿ, ತಮಗೆ ತಿಳಿದ ಹಾಗೆ ಮಾಡಿದರು. ಮೊದಲು ನಾಲ್ಕು ಗಳ ಕಟ್ಟಿ ನಿಲ್ಲಿಸಿ, ಉಳಿದವನ್ನು ಅದಕ್ಕೆ ಒರಗಿಸಿ, ಹೊದಿಕೆ ಸುತ್ತಿ, ಬಾಗಿಲನ್ನು ಮೂಡಣಕ್ಕೆ ತಿರುಗಿಸಿದರು. ನಾನು ಒಂದು ಬೀಡಾ ಹಾಕಿಕೊಳ್ಳುವಷ್ಟರಲ್ಲಿ ಡೇರೆ ನಿಂತಿತ್ತು.

ಹನ್ನೆರಡರ ಹೊತ್ತಿಗೆ ಬೆಟ್ಟದ ಕಡೆಯಿಂದ ಗಾಳಿ ಇಳಿಯಿತು. ಕುರ್ಚಿಗಳು ಹಾರಿದವು, ಯಾರದೋ ಅಡುಗೆಯ ಚಪ್ಪರ ಹುಲ್ಲಿನ ಮೇಲೆ ಪಲ್ಟಿ ಹೊಡೆಯಿತು. ನಾನು ನನ್ನ ಡೇರೆಯೊಳಗೆ ನುಗ್ಗಿ ಕೂತೆ. ತೇಪೆ ಹಚ್ಚಿದ ಎರಡು ಜಾಗ ಉಬ್ಬಿದವು, ತಗ್ಗಿದವು, ಮತ್ತೆ ಉಬ್ಬಿದವು. ಬರೀ ಕೈಹೊಲಿಗೆ. ಹೊಲಿದವನಿಗೆ ಅದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಎಳೆ ಎಳೆ ನೋಡಿದೆ. ಒಂದು ದಾರವೂ ಸರಿಯಲಿಲ್ಲ.

ಗಾಳಿ ಇಳಿದ ಮೇಲೆ ಆಯಿ ಒಳಗೆ ಬಂದಳು. ತೇಪೆಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು, ಉಗುರಿನಿಂದ ಕೆರೆದಳು. ಏನೋ ಹೇಳಿದಳು. ಬಾಗಿಲಲ್ಲಿದ್ದ ರೇಮಂಡ್ ನಗುತ್ತ ಕೂತುಬಿಟ್ಟ.

"ಏನಂತಾಳೋ?" ಎಂದೆ.

ಅಷ್ಟರಲ್ಲಿ ಕುದುರೆಗಳ ಕಡೆಯಿಂದ ಮರಳಿದ್ದ ದಸ್ತಗೀರ ಮೀಸೆ ತಿರುವಿದ. "ಈತನ ಬಾಯಿಗಿಂತ ದಾರ ಪಾಡ ಐತಿ ಅಂತ."

ಮೂವತ್ತು ವರ್ಷದಲ್ಲಿ ಬಹಳ ಜನ ಹೊಗಳಿದ್ದಾರೆ. ಇದರಷ್ಟು ರುಚಿ ಅದರಲ್ಲಿ ಇರಲಿಲ್ಲ.

ಹೊರಟ ದಿನ

ಕೂಟ ಮುಗಿದು ಡೇರೆ ಇಳಿಸಿ ಸುತ್ತಿದೆವು. ಅದನ್ನು ರೇಮಂಡನಿಗೆ ಒಪ್ಪಿಸಲು ಹೊರಟಾಗ ಆಯಿ ಅಡ್ಡ ಬಂದಳು. ತನ್ನ ಮನೆಯ ಹಿಂದಿನ ಕೊಟ್ಟಿಗೆಗೆ ಕರೆದೊಯ್ದು ಹಳೆಯ ಹೊದಿಕೆಯೊಂದನ್ನು ತೋರಿಸಿದಳು. ಫೋಟೊದಲ್ಲಿ ಕಂಡದ್ದು ಇದೇ. ಬಟ್ಟೆ ಜೀರ್ಣವಾಗಿ ಬೆರಳಿಟ್ಟಲ್ಲಿ ಹರಿಯುತ್ತಿತ್ತು. ನೀರುನಾಯಿಗಳ ಬಣ್ಣ ಮಾಸಿತ್ತು. ಹೊದಿಕೆ ಹಳತಾದರೆ ಚಿತ್ರದ ಯಜಮಾನರು ಹೊಸ ಬಟ್ಟೆಯ ಮೇಲೆ ಅದನ್ನು ಮತ್ತೆ ಬರೆಯಬಹುದಂತೆ. ಆಯಿ ಎಷ್ಟೋ ದಿನದಿಂದ ತಕ್ಕ ಬಟ್ಟೆಗಾಗಿ ಕಾಯುತ್ತಿದ್ದಳಂತೆ.

"ನಿನ್ನ ಬಟ್ಟಿ ನನಗ ಕೊಡತಿಯೇನು ಅಂತ ಕೇಳಾಕತ್ತಾಳ," ಎಂದ ದಸ್ತಗೀರ.

ನಾನು ರೇಮಂಡನ ಮುಖ ನೋಡಿದೆ. ಅವನು ಎರಡೂ ಕೈ ಎತ್ತಿ ಹಿಂದೆ ಸರಿದ.

"ಕೊಟ್ಟೇನಿ ಅನ್ನು," ಎಂದೆ. "ಬಣ್ಣಕ್ಕ ನಾನೂ ಕೂಡ್ತೇನಿ ಅನ್ನು. ಅಂಚು ಹಿಡಿಯಾಕ, ಗೆರಿ ಹೊಡಿಯಾಕ. ಇನ್ನ ನಾಕ ದಿನ ಇರಾಕೂ ತಯಾರದೇನಿ."

ಆಯಿ ಕೇಳಿಸಿಕೊಂಡಳು. ನನ್ನ ಕೆನ್ನೆಯ ಮೇಲೆ ಕೈಯಿಟ್ಟು ಒಂದು ಮಾತು ಹೇಳಿದಳು.

"ಚಿತ್ರಾ ನೀ ಊರಿಗೆ ಹೋದ ಮ್ಯಾಲ ಬರೀತಾಳಂತ," ಎಂದ ದಸ್ತಗೀರ. ನಗು ತಡೆಯಲು ಅವನಿಗೆ ಆಗಲಿಲ್ಲ. ಆಯಿಯೂ ನಕ್ಕಳು. ಸ್ವಲ್ಪ ಹೊತ್ತಿಗೆ ನಾನೂ.

ಬಟ್ಟೆಯ ಒಂದು ತುದಿ ಆಯಿ, ಇನ್ನೊಂದು ತುದಿ ರೇಮಂಡ್ ಹಿಡಿದು ಒಳಗೆ ಒಯ್ದರು. ಬಾಗಿಲು ಮುಚ್ಚಿತು. ನಾನು ಅಂಗಳದಲ್ಲಿ ನಿಂತೆ. ಹಿಡಿದ ಕೆಲಸವನ್ನು ಕೊನೆಯ ಗಂಟಿನವರೆಗೆ ನಾನೇ ನೋಡಬೇಕು, ಅದು ನನ್ನ ಹಟ. ಅರ್ಧ ಬಿಟ್ಟುಬಂದ ಹೊಲಿಗೆ ನನ್ನ ಲೆಕ್ಕದಲ್ಲಿ ಒಂದೂ ಇಲ್ಲ. ಒಳಗಿನಿಂದ ಆಯಿಯ ದನಿ ಕೇಳಿಸಿತು, ಮೆಲ್ಲಗೆ, ಹಾಡಿನಂತೆ. ಯಾವ ಹಾಡು ಎಂದು ಕೇಳುವ ಹಕ್ಕು ನನಗಿರಲಿಲ್ಲ.

ದಸ್ತಗೀರ ಗಾಡಿಯಿಂದ ಕೂಗಿದ. "ಬಾರಲೇ ಮಲ್ಲಪ್ಪಾ, ವಿಮಾನ ತಪ್ಪತೈತಿ. ಕೆಲಸ ಮುಗೀತಲ್ಲ?"

"ಮುಗಿದಿಲ್ಲೋ," ಎಂದೆ. ಹಾಗೆ ಹೇಳಲು ಜೀವನದಲ್ಲಿ ಮೊದಲ ಸಲ ನಾಚಿಕೆಯಾಗಲಿಲ್ಲ. ಹೋಗಿ ಗಾಡಿ ಹತ್ತಿದೆ.